ಜ್ವರಗಡ್ಡೆ ಅಂದುಕೊಂಡಿದ್ದು ಬೇರೇನೋ ಆಗಿತ್ತು: ಮಕ್ಕಳ ಹೊಟ್ಟೆಯೊಳಗಿನ ಒಂದು ರಕ್ತನಾಳದ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಶಾಸನಾನೂ ಇಲ್ಲ. ಇವತ್ತು ಒಂದು ರಕ್ತನಾಳದ ಇತಿಹಾಸ ಹೇಳ್ತೀನಿ. ನಮ್ಮ ನಿಮ್ಮೆಲ್ಲರ ಹೊಟ್ಟೆಯಲ್ಲೂ ಇರೋ ನಾಳ ಅದು. ಕೆಲವು ಮಕ್ಕಳಲ್ಲಿ ಅದು ಹುಟ್ಟುವಾಗಲೇ ಸರಿಯಾಗಿ ರೂಪುಗೊಂಡಿರಲ್ಲ. ಇನ್ನು ಕೆಲವರಲ್ಲಿ ಹುಟ್ಟಿದ ಮೇಲೆ ಎಲ್ಲೋ ಮುಚ್ಚಿಹೋಗಿರುತ್ತೆ. ಮಗು ನಾಲ್ಕೈದು ವರ್ಷ ಎಲ್ಲರ ಹಾಗೆ ಆಡಿಕೊಂಡಿರುತ್ತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ರಕ್ತ ವಾಂತಿ ಮಾಡುತ್ತೆ, ಅಥವಾ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಮಲ ಹೋಗುತ್ತೆ. ಹೊಟ್ಟೆನೋವು ಇರಲ್ಲ. ಕಣ್ಣು ಹಳದಿ ಆಗಿರಲ್ಲ. ಮನೆಯವರಿಗೆ ತಲೆಬುಡ ಅರ್ಥ ಆಗಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ., ಡಾಕ್ಟರಿಕೆ ಅಲ್ಲ. ಔಷಧಿ ಹೇಳೋದು ನನ್ನ ಕೆಲಸ ಅಲ್ಲ. ಈ ಕಾಯಿಲೆಗೆ ಸರಿಯಾದ ಹೆಸರು ಸಿಗೋದಕ್ಕೆ ಇಷ್ಟೊಂದು ಕಾಲ ಯಾಕೆ ಹಿಡೀತು, ಆ ಕಾಲದಲ್ಲಿ ತಪ್ಪನ್ನು ಯಾರ್‍ಯಾರ ತಲೆಗೆ ಕಟ್ಟಿದರು ಅನ್ನೋದು ಇವತ್ತಿನ ಕಥೆ. ಕಥೆಯ ಒಂದು ತುದಿ ನಮ್ಮ ಕಾಫಿ ನಾಡಲ್ಲೇ ಇದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯವರು ಸ್ವಲ್ಪ ಗಮನ ಕೊಟ್ಟು ಕೇಳಿ.

ಚಾರ್ಮಾಡಿ ಮುಚ್ಚಿದಾಗ ಏನಾಗುತ್ತೆ?

ಮೊದಲು ಈ ನಾಳ ಏನು ಅಂತ ನೋಡೋಣ. ಇಂಗ್ಲಿಷಲ್ಲಿ ಪೋರ್ಟಲ್ ವೇನ್ ಅಂತಾರೆ. ಕರುಳಿನಿಂದ ಬರೋ ರಕ್ತ, ಗುಲ್ಮದಿಂದ ಬರೋ ರಕ್ತ, ಎರಡೂ ಸೇರಿ ಈ ನಾಳದಲ್ಲಿ ಲಿವರ್‌ಗೆ ಹೋಗುತ್ತೆ. ಲಿವರ್‌ಗೆ ಸೇರೋ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದರಲ್ಲೇ ಬರೋದು. ಉಂಡ ಅನ್ನದ ಸಾರವೆಲ್ಲ ಮೊದಲು ಲಿವರ್‌ನ ಚೆಕ್‌ಪೋಸ್ಟ್ ದಾಟಿ, ಆಮೇಲೆ ಹೃದಯಕ್ಕೆ, ಅಲ್ಲಿಂದ ಮೈಗೆಲ್ಲ ಹೋಗಬೇಕು. ಗುಲ್ಮ ಅಂದರೆ ಸ್ಪ್ಲೀನ್. ಎಡಗಡೆ ಪಕ್ಕೆಲುಬಿನ ಕೆಳಗೆ ಇರೋ ಅಂಗ. ಇದನ್ನ ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಮತ್ತೆ ಬರುತ್ತೆ.

ಈಗ ಈ ನಾಳವನ್ನ ಚಾರ್ಮಾಡಿ ಘಾಟಿ ಅಂದುಕೊಳ್ಳಿ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಯ್ತಲ್ಲ, ಆಗ ಏನಾಯ್ತು? ಮಂಗಳೂರಿಗೆ ಹೋಗೋ ಗಾಡಿಗಳು ನಿಂತುಬಿಡಲಿಲ್ಲ. ಕೆಲವು ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿದವು, ಕೆಲವು ಸಕಲೇಶಪುರಕ್ಕೆ ಹೋಗಿ ಶಿರಾಡಿ ಹಿಡಿದವು. ರಕ್ತಾನೂ ಹಾಗೇ. ದೊಡ್ಡ ದಾರಿ ಮುಚ್ಚಿದರೆ ಸಣ್ಣ ದಾರಿ ಹುಡುಕುತ್ತೆ. ಮುಚ್ಚಿದ ಜಾಗದ ಸುತ್ತ ಬೇರಿನ ಗೊಂಚಲಿನ ಹಾಗೆ ಸಣ್ಣ ಸಣ್ಣ ನಾಳಗಳು ಹುಟ್ಟಿಕೊಳ್ಳುತ್ತವೆ. ಅದೂ ಸಾಲದೆ ಅನ್ನನಾಳದ ಕೆಳತುದಿಯಲ್ಲಿರೋ ತೆಳು ನಾಳಗಳಿಗೆ ರಕ್ತ ನುಗ್ಗುತ್ತೆ. ತೋಟದ ಮಣ್ಣು ರಸ್ತೆಯಲ್ಲಿ ಲಾರಿ ಬಿಟ್ಟ ಹಾಗೆ. ಆ ನಾಳಗಳು ಉಬ್ಬುತ್ತವೆ, ಗೋಡೆ ತೆಳುವಾಗುತ್ತೆ, ಒಂದು ದಿನ ಒಡೆಯುತ್ತವೆ. ಮಗು ರಕ್ತ ಕಾರೋದು ಆಗಲೇ. ಕೆಳಗಿಳಿದ ರಕ್ತ ಕರುಳಲ್ಲಿ ಜೀರ್ಣವಾಗಿ ಕಪ್ಪು ಮಲ ಆಗುತ್ತೆ.

ಇತ್ತ ಗುಲ್ಮದ ರಕ್ತಕ್ಕೂ ಹೊರದಾರಿ ಇಲ್ಲ. ಅಲ್ಲೇ ತುಂಬಿ ಗುಲ್ಮ ಊದಿಕೊಳ್ಳುತ್ತೆ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್‌ಗಳನ್ನೂ ಒಳಗೇ ಹಿಡಿದಿಟ್ಟುಕೊಳ್ಳುತ್ತೆ. ಲಿವರ್ ಮಾತ್ರ ಹೆಚ್ಚುಕಡಿಮೆ ಚೆನ್ನಾಗೇ ಇರುತ್ತೆ. ಇದೇ ಈ ಕಾಯಿಲೆಯ ವಿಚಿತ್ರ. ಲಿವರ್ ಕೆಟ್ಟವರ ಹಾಗೆ ರಕ್ತ ಹೋಗುತ್ತೆ, ಆದರೆ ಕೆಟ್ಟಿರೋದು ಲಿವರ್ ಅಲ್ಲ, ಅದಕ್ಕೆ ಹೋಗೋ ರಸ್ತೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಅಪರೂಪ. ಭಾರತದಲ್ಲಿ ಒಟ್ಟು ಮಕ್ಕಳ ಲೆಕ್ಕಕ್ಕೆ ಹೋಲಿಸಿದರೆ ಕಡಿಮೆಯೇ. ಆದರೆ ಮಕ್ಕಳು ತುಂಬಾ ರಕ್ತ ಕಾರಿಕೊಂಡು ಆಸ್ಪತ್ರೆ ಸೇರೋದಕ್ಕೆ ಇಲ್ಲಿ ಇದು ಮುಖ್ಯ ಕಾರಣಗಳಲ್ಲಿ ಒಂದು.

ಗುಲ್ಮ ಮುಟ್ಟಿ ಊರಿನ ಜ್ವರ ಅಳೆದ ಕಾಲ

ಈಗ ಮಲೆನಾಡಿಗೆ ಬರೋಣ. ಕಾಫಿ ತೋಟಗಳು ಹಬ್ಬಿದ ಕಾಲದಲ್ಲಿ ಇಲ್ಲಿನ ದೊಡ್ಡ ಭಯ ಹುಲಿ ಅಲ್ಲ, ಚಳಿಜ್ವರ. ಅಂದರೆ ಮಲೇರಿಯಾ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ಇದ್ದವರನ್ನೂ ಅದು ಬಿಡಲಿಲ್ಲ, ತೋಟದ ಸಾಹುಕಾರರ ಮನೆಯನ್ನೂ ಬಿಡಲಿಲ್ಲ. ಮಲೇರಿಯಾ ಮತ್ತೆ ಮತ್ತೆ ಬಂದರೆ ಗುಲ್ಮ ದೊಡ್ಡದಾಗುತ್ತೆ. ಹೊಟ್ಟೆಯ ಎಡಗಡೆ ಮುಟ್ಟಿದರೆ ಗಟ್ಟಿಯಾಗಿ ಕೈಗೆ ಸಿಗುತ್ತೆ. ಹಳಬರು ಅದನ್ನ ಜ್ವರಗಡ್ಡೆ ಅಂತಿದ್ದರು. ಎಷ್ಟು ಸರಿಯಾದ ಹೆಸರು ನೋಡಿ, ಜ್ವರ ಬಿಟ್ಟುಹೋದ ಗಡ್ಡೆ.

ಬ್ರಿಟಿಷ್ ಆಡಳಿತಕ್ಕೂ ಈ ಗಡ್ಡೆ ಉಪಯೋಗಕ್ಕೆ ಬಂತು. 1840ರ ದಶಕದಲ್ಲಿ ಉತ್ತರ ಭಾರತದ ಯಮುನಾ ಕಾಲುವೆಗಳ ಪಕ್ಕದ ಹಳ್ಳಿಗಳಲ್ಲಿ ಜ್ವರ ಹೆಚ್ಚಾಗಿದೆಯಾ ಅಂತ ತಿಳಿಯೋಕೆ ಡೆಂಪ್‌ಸ್ಟರ್ ಅನ್ನೋ ಸರ್ಜನ್ ಒಂದು ಉಪಾಯ ಮಾಡಿದ. ರಕ್ತ ಪರೀಕ್ಷೆ ಆಗಿನ್ನೂ ಇರಲಿಲ್ಲ. ಅವನು ಊರೂರಿಗೆ ಹೋಗಿ ಜನರ ಹೊಟ್ಟೆ ಮುಟ್ಟಿ ನೋಡಿದ. ನೂರರಲ್ಲಿ ಎಷ್ಟು ಜನಕ್ಕೆ ಗುಲ್ಮ ಕೈಗೆ ಸಿಗುತ್ತೆ, ಅದೇ ಊರಿನ ಜ್ವರದ ಅಳತೆ. ಇದಕ್ಕೆ ಸ್ಪ್ಲೀನ್ ರೇಟ್ ಅಂತ ಹೆಸರು ಬಂತು. ಮುಂದೆ ಜಗತ್ತೆಲ್ಲ ಇದನ್ನೇ ಬಳಸಿತು. ಎರಡರಿಂದ ಒಂಬತ್ತು ಹತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗುಲ್ಮ ಊದಿದ್ದರೆ ಅದು ತೀವ್ರ ಮಲೇರಿಯಾ ಪ್ರದೇಶ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನವೂ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾದ ಕೆಲಸ ಶುರುಮಾಡಿತು.

ಒಂದು ಕ್ಷಣ ಯೋಚನೆ ಮಾಡಿ. ಊರಿನ ಅರ್ಧ ಮಕ್ಕಳಿಗೆ ಜ್ವರಗಡ್ಡೆ ಇದೆ. ಅವರ ಮಧ್ಯೆ ಒಂದೇ ಒಂದು ಮಗುವಿಗೆ ಗುಲ್ಮ ಊದಿರೋದು ಜ್ವರದಿಂದ ಅಲ್ಲ, ನಾಳ ಮುಚ್ಚಿದ್ದರಿಂದ. ಅದನ್ನ ಯಾರು ಬೇರೆ ಮಾಡಿ ನೋಡ್ತಾರೆ? ಕೈಗೆ ಎರಡೂ ಒಂದೇ ಥರ ಸಿಗುತ್ತೆ. ಒಂದು ದಿನ ಆ ಮಗು ರಕ್ತ ಕಾರಿ ಸತ್ತರೆ ಜ್ವರ ಹೊಟ್ಟೆಗೆ ಇಳೀತು ಅಂತಲೋ, ಗಾಳಿ ಸೋಕಿತು ಅಂತಲೋ ಮಾತು ಮುಗಿಯುತ್ತೆ. ಅಂಥ ಸಾವುಗಳನ್ನ ಯಾವ ದಾಖಲೆಯೂ ಬೇರೆ ಕಾಲಮ್ಮಿನಲ್ಲಿ ಬರೆದಿಟ್ಟಿಲ್ಲ.

ಕಾಮರ್ಸ್ ಓದಿದವರಿಗೆ ಸಸ್ಪೆನ್ಸ್ ಅಕೌಂಟ್ ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೆ ಇದ್ದಾಗ ವ್ಯತ್ಯಾಸದ ಮೊತ್ತವನ್ನ ತಾತ್ಕಾಲಿಕವಾಗಿ ಅದರಲ್ಲಿ ಹಾಕ್ತಾರೆ. ಜ್ವರಗಡ್ಡೆ ಅನ್ನೋದು ಮಲೆನಾಡಿನ ಸಸ್ಪೆನ್ಸ್ ಅಕೌಂಟ್ ಆಗಿತ್ತು. ಎಡಗಡೆ ಹೊಟ್ಟೆ ಗಟ್ಟಿಯಾದ ಎಲ್ಲ ಮಕ್ಕಳೂ ಅದೇ ಖಾತೆಗೆ.

1940ರ ದಶಕದಲ್ಲಿ ಡಿಡಿಟಿ ಬಂತು. ಡಾ. ಡಿ. ಕೆ. ವಿಶ್ವನಾಥನ್ ಮುಂದಾಳತ್ವದಲ್ಲಿ ಅದನ್ನ ದೊಡ್ಡ ಮಟ್ಟದಲ್ಲಿ ಸಿಂಪಡಿಸಿದ ಮೊದಮೊದಲ ಜಾಗಗಳಲ್ಲಿ ನಮ್ಮ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳೂ ಇದ್ದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಜ್ವರ ಇಳೀತು, ಮಕ್ಕಳ ಗುಲ್ಮವೂ ಇಳೀತು. ದೊಡ್ಡ ಮೊತ್ತ ಖಾತೆಯಿಂದ ಹೋದ ಮೇಲೆ ಉಳಿದ ಚಿಲ್ಲರೆ ಕಣ್ಣಿಗೆ ಬೀಳಲೇಬೇಕಲ್ಲ? ಭಾರತದ ವೈದ್ಯರು ಲಿವರ್ ಕೆಡದೆ ಗುಲ್ಮ ಊದಿ ರಕ್ತ ಕಾರುವವರ ಬಗ್ಗೆ ಹೆಚ್ಚು ಹೆಚ್ಚು ಬರೆಯತೊಡಗಿದರು. 1969ರಲ್ಲಿ ಐಸಿಎಂಆರ್ ಇದಕ್ಕಾಗಿಯೇ ಒಂದು ಕಾರ್ಯಾಗಾರ ನಡೆಸಿತು. ಲಿವರ್‌ನೊಳಗಿನ ಸಣ್ಣ ನಾಳಗಳು ಮುಚ್ಚುವ ಕಾಯಿಲೆಗೆ ಒಂದು ಹೆಸರು ಅಲ್ಲಿ ಗಟ್ಟಿಯಾಯ್ತು. ಅದು ಹೆಚ್ಚಾಗಿ ದೊಡ್ಡವರಿಗೆ ಬರೋದು. ಲಿವರ್‌ನ ಹೊರಗೆ, ದೊಡ್ಡ ನಾಳವೇ ಮುಚ್ಚೋದು ಹೆಚ್ಚಾಗಿ ಮಕ್ಕಳ ಕಾಯಿಲೆ.

ಗುಲ್ಮವೇ ಕಳ್ಳ ಅಂದವರು

ಈ ಗೊಂದಲ ಬರೀ ನಮ್ಮದಲ್ಲ. 1793ರಲ್ಲಿ ಲಂಡನ್ನಿನ ಜಾನ್ ಅಬರ್ನೆತಿ ಹತ್ತು ತಿಂಗಳ ಹೆಣ್ಣು ಮಗುವಿನ ಶವಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡ. ಪೋರ್ಟಲ್ ವೇನ್ ಲಿವರ್‌ಗೆ ಹೋಗದೆ ನೇರವಾಗಿ ಹೃದಯಕ್ಕೆ ಹೋಗೋ ದೊಡ್ಡ ನಾಳಕ್ಕೆ ಸೇರಿತ್ತು. ಹುಟ್ಟಿನಿಂದಲೇ ಬರೋ ಈ ಬಹಳ ಅಪರೂಪದ ದೋಷಕ್ಕೆ ಇವತ್ತಿಗೂ ಅವನದೇ ಹೆಸರು. ಅಂದರೆ ಈ ನಾಳ ತಪ್ಪು ದಾರಿ ಹಿಡಿಯಬಹುದು ಅನ್ನೋದು 200 ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. 1869ರಲ್ಲಿ ಎಡಿನ್‌ಬರೋದ ಇಬ್ಬರು ವೈದ್ಯರು, ಬಾಲ್ಫರ್ ಮತ್ತು ಸ್ಟೂವರ್ಟ್, ನಾಳ ಹೆಪ್ಪುಗಟ್ಟಿ ಮುಚ್ಚಿ ಗುಲ್ಮ ಊದಿದ ಒಬ್ಬ ರೋಗಿಯ ಬಗ್ಗೆ ಬರೆದರು.

ಆದರೂ ಎಲ್ಲರ ಕಣ್ಣು ಹೋಗಿದ್ದು ಗುಲ್ಮದ ಕಡೆಗೇ. 19ನೇ ಶತಮಾನದ ಕೊನೆಗೆ ಇಟಲಿಯ ಫ್ಲಾರೆನ್ಸ್‌ನ ಗ್ವಿಡೋ ಬಾಂಟಿ, ದೊಡ್ಡ ಗುಲ್ಮ, ರಕ್ತಹೀನತೆ, ರಕ್ತಸ್ರಾವ ಮೂರನ್ನೂ ಸೇರಿಸಿ ಒಂದು ಕಾಯಿಲೆ ಅಂದ. ಮೂಲ ಗುಲ್ಮದಲ್ಲೇ ಇದೆ ಅನ್ನೋದು ಅವನ ವಾದ. ಜಗತ್ತು ನಂಬಿತು. ಹಾಗಾದರೆ ಚಿಕಿತ್ಸೆ ಏನು? ಗುಲ್ಮ ಕತ್ತರಿಸಿ ತೆಗಿ. ದಶಕಗಟ್ಟಲೆ ತೆಗೆದರು. ಮಕ್ಕಳದ್ದೂ ತೆಗೆದರು. ಪ್ಲೇಟ್‌ಲೆಟ್ ಏರಿತು, ಹೊಟ್ಟೆ ಚಪ್ಪಟೆ ಆಯ್ತು, ಎಲ್ಲರಿಗೂ ಸಮಾಧಾನ. ಆದರೆ ಅನ್ನನಾಳದ ನಾಳಗಳು ಉಬ್ಬಿಕೊಂಡೇ ಇದ್ದವು. ಎಷ್ಟೋ ಜನಕ್ಕೆ ಮತ್ತೆ ರಕ್ತ ಹೋಯ್ತು. ಅದರ ಮೇಲೆ 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮ್ಯಾಕರ್ ಅನ್ನೋ ವೈದ್ಯರು ಇನ್ನೊಂದು ಅಪಾಯ ತೋರಿಸಿದರು. ಗುಲ್ಮ ಕಳೆದುಕೊಂಡ ಎಳೆ ಮಕ್ಕಳಿಗೆ ರಕ್ತದಲ್ಲಿ ತೀವ್ರ ಸೋಂಕು ತಗುಲಬಹುದು. ಕಳ್ಳ ಅಂತ ಹೊರಗೆ ಹಾಕಿದ್ದು ಕಾವಲುಗಾರನನ್ನ!

ತಿರುವು ಬಂದಿದ್ದು ನ್ಯೂಯಾರ್ಕ್‌ನಲ್ಲಿ. 1930 ಮತ್ತು 40ರ ದಶಕದಲ್ಲಿ ಅಲೆನ್ ವಿಪ್ಪಲ್ ಮತ್ತು ಜೊತೆಗಾರರು ಆಪರೇಷನ್ ಮಾಡುವಾಗ ನಾಳದೊಳಗಿನ ಒತ್ತಡ ಅಳೆದು ನೋಡಿದರು. ಒತ್ತಡ ವಿಪರೀತ ಇತ್ತು. ಗುಲ್ಮ ಊದಿದ್ದು ರಸ್ತೆ ಬಂದ್ ಆಗಿದ್ದರಿಂದ ಅಂತ ಗೊತ್ತಾಯ್ತು. ಹಾಗಾದರೆ ಪರಿಹಾರ ಬೈಪಾಸ್. ಪೋರ್ಟಲ್ ನಾಳದ ರಕ್ತವನ್ನ ಬೇರೆ ದೊಡ್ಡ ನಾಳಕ್ಕೆ ಜೋಡಿಸೋದು.

ಈ ಯೋಚನೆ 1877ರಲ್ಲೇ ರಷ್ಯಾದ ನಿಕೊಲಾಯ್ ಎಕ್ ಅನ್ನೋ ಮಿಲಿಟರಿ ವೈದ್ಯನಿಗೆ ಬಂದಿತ್ತು. ಎಂಟು ನಾಯಿಗಳ ಮೇಲೆ ಪ್ರಯೋಗ ಮಾಡಿದ. ಬಹುಕಾಲ ಬದುಕಿದ್ದು ಒಂದೇ. ಅದೂ ಎರಡೂವರೆ ತಿಂಗಳಿಗೆ ಓಡಿಹೋಯ್ತು. ಆಮೇಲೆ 1893ರಲ್ಲಿ ಪಾವ್ಲೊವ್ ಇದ್ದ ಪ್ರಯೋಗಾಲಯದಲ್ಲಿ ಇದನ್ನೇ ಮತ್ತೆ ಮಾಡಿದಾಗ ಗೊತ್ತಾಯ್ತು, ಲಿವರ್ ತಪ್ಪಿಸಿ ರಕ್ತ ಹರಿಸಿದರೆ ಮಾಂಸ ತಿಂದ ನಾಯಿಗಳ ತಲೆ ಕೆಡುತ್ತೆ. ಚೆಕ್‌ಪೋಸ್ಟ್ ತಪ್ಪಿಸಿದ ಬೈಪಾಸಿಗೆ ಅದರದೇ ಬೆಲೆ ಇದೆ.

ತಪ್ಪು ಯಾರದು? ಹೊಕ್ಕುಳಬಳ್ಳಿಯ ಪ್ರಶ್ನೆ

ಸರಿ, ನಾಳ ಮುಚ್ಚೋದು ಯಾಕೆ? ಈ ಕಥೆಯಲ್ಲಿ ಮನಸ್ಸಿಗೆ ನೋವಾಗೋ ಭಾಗ ಇದೇ.

ಮಗು ಹೊಟ್ಟೆಯಲ್ಲಿ ಇರುವಾಗ ಹೊಕ್ಕುಳಬಳ್ಳಿಯ ನಾಳ ತಾಯಿಯ ಕಡೆಯಿಂದ ಬಂದ ರಕ್ತವನ್ನ ಮಗುವಿನ ಲಿವರ್‌ಗೆ ಒಯ್ದು ಪೋರ್ಟಲ್ ವೇನಿನ ಎಡ ಕವಲಿಗೆ ಸೇರಿಸುತ್ತೆ. ಹುಟ್ಟಿದ ಮೇಲೆ ಆ ದಾರಿ ಒಣಗಿ ಬರೀ ದಾರದ ಹಾಗೆ ಉಳಿಯುತ್ತೆ. ಆದರೆ ಮೊದಲ ಕೆಲವು ದಿನ ಹೊಕ್ಕುಳಿಗೆ ಸೋಂಕು ತಗುಲಿದರೆ ಅದು ಅದೇ ದಾರಿ ಹಿಡಿದು ಒಳಗೆ ಹೋಗಿ ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ಮುಚ್ಚಿದ್ದು ಮೊದಲ ತಿಂಗಳಲ್ಲಿ, ರಕ್ತ ಹೋಗೋದು ಐದನೇ ವರ್ಷದಲ್ಲಿ.

ಈ ವಿವರಣೆ ಬಂದಿದ್ದೇ ತಡ, ಬೆರಳು ತೋರಿಸೋದು ಸುಲಭ ಆಯ್ತು. ಹಳ್ಳಿ ಹೆರಿಗೆ, ಸೂಲಗಿತ್ತಿಯ ಕೈ, ಹೊಕ್ಕುಳಿಗೆ ಹಚ್ಚಿದ ಅರಿಶಿನ, ಹರಳೆಣ್ಣೆ, ಬೂದಿ. ಕೊನೆಗೆ ಎಲ್ಲ ಬಂದು ನಿಲ್ಲೋದು ತಾಯಿಯ ಮೇಲೆ. ‘ಬಾಣಂತನದಲ್ಲಿ ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ’ ಅನ್ನೋ ಮಾತು.

ಇತಿಹಾಸ ಬೇರೆ ಹೇಳುತ್ತೆ. 1964ರಲ್ಲಿ ಲಂಡನ್ನಿನ ಥಾಂಪ್ಸನ್ ಮತ್ತು ಶೀಲಾ ಶೆರ್ಲಾಕ್ ಈ ಕಾಯಿಲೆಯ ಕಾರಣ ಹುಡುಕಿ ಬರೆದ ಲೇಖನದಲ್ಲಿ ಸೋಂಕಿನ ಜೊತೆ ಇನ್ನೊಂದು ವಿಷಯವೂ ಇತ್ತು. ಕಾಮಾಲೆ ಆದ ನವಜಾತ ಶಿಶುಗಳಿಗೆ ಹೊಕ್ಕುಳ ನಾಳದಿಂದಲೇ ರಕ್ತ ಬದಲಾಯಿಸೋ ಚಿಕಿತ್ಸೆ. ಅಂದರೆ ಜೀವ ಉಳಿಸೋಕೆ ಆಸ್ಪತ್ರೆಯಲ್ಲಿ ಹಾಕಿದ ನಳಿಕೆಯಿಂದಲೂ ಇದು ಆಗಬಹುದು. ಕೆಲವರಿಗೆ ಹುಟ್ಟಿನಿಂದಲೇ ನಾಳದ ದೋಷ, ಕೆಲವರಿಗೆ ರಕ್ತ ಬೇಗ ಹೆಪ್ಪುಗಟ್ಟೋ ಗುಣ, ಕೆಲವರಿಗೆ ಹೊಟ್ಟೆಯ ಬೇರೆ ಸೋಂಕು. ಎಲ್ಲಕ್ಕಿಂತ ಮುಖ್ಯ ಮಾತು ಇದು: ಎಲ್ಲ ಪರೀಕ್ಷೆ ಮಾಡಿದರೂ ಹೆಚ್ಚಿನ ಮಕ್ಕಳಲ್ಲಿ ಕಾರಣವೇ ಸಿಗೋದಿಲ್ಲ.

ಸೂಲಗಿತ್ತಿಯರ ಬಗ್ಗೆಯೂ ಒಂದು ಮಾತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆ ಇಲ್ಲದ ಊರುಗಳಲ್ಲಿ ತಾಯಿ ಮಗು ಉಳಿದಿದ್ದು ಇಂಥ ಕೈಗಳಿಂದ. ಸ್ವಚ್ಛತೆಯ ಪಾಠ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಹೊಕ್ಕುಳನ್ನ ಒಣಗಿಸಿ ಇಡಿ, ಏನೂ ಹಚ್ಚಬೇಡಿ ಅನ್ನೋದು ಇವತ್ತಿನ ಸಾಮಾನ್ಯ ಸಲಹೆ. ಶುದ್ಧ ಹೆರಿಗೆ ಮತ್ತು ಗರ್ಭಿಣಿಯರಿಗೆ ಹಾಕೋ ಲಸಿಕೆಯಿಂದ 2015ರಲ್ಲಿ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಸುಮಾರು 65% ಹೆರಿಗೆ ಆಸ್ಪತ್ರೆಗಳಲ್ಲಿ ಆಗ್ತಿತ್ತು, 2019–21ರ ಹೊತ್ತಿಗೆ 97%. ಆದರೂ ಈ ಕಾಯಿಲೆ ಪೂರ್ತಿ ಹೋಗಿಲ್ಲ. ಕಾರಣ ಗೊತ್ತಿಲ್ಲದ ಜಾಗದಲ್ಲಿ ತಾಯಿಯ ಹೆಸರು ಬರೆಯೋದು ಮತ್ತೊಂದು ಸಸ್ಪೆನ್ಸ್ ಅಕೌಂಟ್, ಅಷ್ಟೇ.

ರಬ್ಬರ್ ಬ್ಯಾಂಡ್ ಮತ್ತು ಬೈಪಾಸ್

ಈಗ ಒಳ್ಳೆಯ ಸುದ್ದಿ. 1939ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಮತ್ತು ಫ್ರೆಂಕ್ನರ್ ಬಾಯಿಂದ ಕೊಳವೆ ಇಳಿಸಿ ಉಬ್ಬಿದ ನಾಳಕ್ಕೇ ಇಂಜೆಕ್ಷನ್ ಕೊಟ್ಟು ಮುಚ್ಚಿಸಿದರು. ಅವರು ಬಳಸಿದ್ದು ಏನು ಗೊತ್ತಾ? ಕ್ವಿನೈನ್. ಮಲೆನಾಡಿನಲ್ಲಿ ಚಳಿಜ್ವರಕ್ಕೆ ನುಂಗುತ್ತಿದ್ದ ಅದೇ ಕಹಿ. 1950ರ ದಶಕದ ಕೊನೆಗೆ ಬಾಗುವ ಎಂಡೋಸ್ಕೋಪ್ ಬಂತು. 1980ರ ದಶಕದಲ್ಲಿ ಅಮೆರಿಕದ ಗ್ರೆಗ್ ಸ್ಟೀಗ್‌ಮನ್, ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕ್ತಾರಲ್ಲ, ಅದನ್ನೇ ಅನ್ನನಾಳಕ್ಕೆ ಯಾಕೆ ಹಾಕಬಾರದು ಅಂತ ಯೋಚಿಸಿದರು. ಎಂಡೋಸ್ಕೋಪಿನ ತುದಿಯಿಂದ ಉಬ್ಬಿದ ನಾಳಕ್ಕೆ ಪುಟ್ಟ ಬ್ಯಾಂಡ್ ಬಿಗಿಯೋದು. ನಾಳ ಒಣಗಿ ಉದುರುತ್ತೆ. ಇವತ್ತು ರಕ್ತ ನಿಲ್ಲಿಸೋಕೆ ಮುಖ್ಯವಾಗಿ ಮಾಡೋದು ಇದನ್ನೇ. ತೀರಾ ಚಿಕ್ಕ ಮಕ್ಕಳಿಗೆ ಇಂಜೆಕ್ಷನ್.

ಆಪರೇಷನ್ ವಿಷಯದಲ್ಲೂ ಹಾಗೇ. ಮಕ್ಕಳ ನಾಳ ಸಣ್ಣದು, ಜೋಡಿಸಿದರೆ ಮುಚ್ಚಿಹೋಗುತ್ತೆ ಅನ್ನೋ ಭಯ ಬಹಳ ಕಾಲ ಇತ್ತು. 1980ರಲ್ಲಿ ಪ್ಯಾರಿಸ್ಸಿನ ಬಿಸ್ಮತ್, ಅಲಾಜಿಲ್ ಮತ್ತು ಸಂಗಡಿಗರು 90 ಮಕ್ಕಳ ಅನುಭವ ಪ್ರಕಟಿಸಿದಾಗ ಆ ಭಯ ಕರಗಿತು. ಭಾರತದಲ್ಲಿ ಚಂಡೀಗಢದ ಪಿಜಿಐನ ಮಕ್ಕಳ ಸರ್ಜನ್ ಎಸ್. ಕೆ. ಮಿತ್ರ ಅವರ ತಂಡ ಗುಲ್ಮವನ್ನ ತೆಗೆಯದೆಯೇ ಅದರ ನಾಳವನ್ನ ಕಿಡ್ನಿಯ ನಾಳಕ್ಕೆ ಜೋಡಿಸೋ ದಾರಿ ತೋರಿಸಿತು.

1992ರಲ್ಲಿ ಬೆಲ್ಜಿಯಂನ ಜಾನ್ ದ ವಿಲ್ ದ ಗ್ವಾಯೆ ಇನ್ನೂ ಮುಂದೆ ಹೋದರು. ಮಗುವಿನ ಕುತ್ತಿಗೆಯಿಂದ ಒಂದು ನಾಳ ತೆಗೆದು, ಕರುಳಿನ ನಾಳವನ್ನ ಲಿವರ್‌ನೊಳಗಿನ ಎಡ ಕವಲಿಗೇ ಜೋಡಿಸೋ ಆಪರೇಷನ್. ಇದರಲ್ಲಿ ಚೆಕ್‌ಪೋಸ್ಟ್ ತಪ್ಪಲ್ಲ, ರಕ್ತ ಮತ್ತೆ ಲಿವರ್ ಮೂಲಕವೇ ಹೋಗುತ್ತೆ. ಎಲ್ಲ ಮಕ್ಕಳಿಗೂ ಇದು ಸಾಧ್ಯ ಇಲ್ಲ, ಆ ಎಡ ಕವಲು ತೆರೆದಿರಬೇಕು. ಆ ಜೋಡಣೆಯ ಜಾಗ ಯಾವುದು ಅಂದುಕೊಂಡಿರಿ? ಹಿಂದೆ ಹೊಕ್ಕುಳಬಳ್ಳಿಯ ನಾಳ ಬಂದು ಸೇರ್ತಿದ್ದ ಜಾಗವೇ. ಸೋಂಕು ಒಳಗೆ ಬಂದಿರಬಹುದಾದ ಬಾಗಿಲಲ್ಲೇ ಈಗ ರಿಪೇರಿ.

ಘಟ್ಟದ ಮೇಲಿನವರಿಗೆ

ಹಾಗಾದರೆ ಇವತ್ತು ಉಳಿದಿರೋ ಸಮಸ್ಯೆ ಏನು? ದೂರ. ಎಂಡೋಸ್ಕೋಪಿ ಮಾಡೋ ಮಕ್ಕಳ ತಜ್ಞರು ಇರೋದು ದೊಡ್ಡ ಊರುಗಳಲ್ಲಿ. ಕಳಸದವರಿಗೆ ಮಣಿಪಾಲ, ಮೂಡಿಗೆರೆಯವರಿಗೆ ಚಾರ್ಮಾಡಿ ಇಳಿದು ಮಂಗಳೂರು, ಇಲ್ಲವೇ ಹಾಸನದ ಮೇಲೆ ಬೆಂಗಳೂರು. ಮಳೆಗಾಲದ ರಾತ್ರಿ ಆ ದಾರಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಸಮಾಧಾನದ ವಿಷಯ ಅಂದರೆ ಈ ಮಕ್ಕಳ ಲಿವರ್ ಗಟ್ಟಿ ಇರೋದರಿಂದ, ಸಮಯಕ್ಕೆ ರಕ್ತ ಕೊಟ್ಟು ಸ್ರಾವ ನಿಲ್ಲಿಸಿದರೆ ಬಹುತೇಕರು ಚೇತರಿಸಿಕೊಳ್ತಾರೆ. ಅದಕ್ಕೇ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಡ್ರಿಪ್, ರಕ್ತ, ಆಮೇಲೆ 108ರಲ್ಲಿ ಮುಂದಿನ ಪ್ರಯಾಣ.

ಮೂರು ವಿಷಯ ಮನೆಯಲ್ಲಿ ಹೇಳಿಬಿಡಿ. ಒಂದು, ಮಗುವಿಗೆ ಡಾಂಬರಿನಂಥ ಕಪ್ಪು ಮಲ ಹೋದರೆ ನಾಳೆ ನೋಡೋಣ ಅನ್ನಬೇಡಿ. ಕಬ್ಬಿಣಾಂಶದ ಔಷಧಿಯಿಂದಲೂ ಮಲ ಕಪ್ಪಾಗಬಹುದು, ಆದರೆ ಅದನ್ನ ತೀರ್ಮಾನ ಮಾಡಬೇಕಾದ್ದು ಡಾಕ್ಟರ್. ಎರಡು, ಇಂಥ ಮಕ್ಕಳಿಗೆ ಎಷ್ಟೋ ಸಲ ರಕ್ತ ಹೋಗೋದು ಜ್ವರ ನೆಗಡಿಯ ಬೆನ್ನಿಗೇ. ಅದಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆಯನ್ನ ಅಂಗಡಿಯಿಂದ ತಂದು ಕೊಡಬೇಡಿ. ಮೂರು, ಮಗುವಿನ ಹೊಟ್ಟೆಯ ಎಡಗಡೆ ಗಟ್ಟಿ ಸಿಕ್ಕರೆ ಸ್ಕ್ಯಾನ್ ಆಗಲಿ. ರಕ್ತದ ಹರಿವು ತೋರಿಸೋ ಡಾಪ್ಲರ್ ಸ್ಕ್ಯಾನಿನಲ್ಲಿ ಸೂಜಿಯಿಲ್ಲ, ನೋವಿಲ್ಲ, ಕೆಲವು ನಿಮಿಷದ ಕೆಲಸ. ಡೆಂಪ್‌ಸ್ಟರ್ ಕೈಗೆ ಕಾಣದೇ ಹೋದದ್ದು ಅದರ ಪರದೆ ಮೇಲೆ ಕಾಣುತ್ತೆ.

ನಿಮ್ಮ ಊರಲ್ಲಿ, ನೆಂಟರಲ್ಲಿ ಇಂಥ ಮಗುವಿನ ತಾಯಿ ಯಾರಾದರೂ ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಬಾಣಂತನದಲ್ಲಿ ಏನು ತಪ್ಪು ಮಾಡಿದೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕ್ತಾ ಕೂತವರು ಅವರು. ಆ ಲೆಕ್ಕ ಅವರ ಖಾತೆಯದಲ್ಲ.